ಕನ್ನಡಿಯಲ್ಲಿ ದಾರಿ ಹಿಡಿದ ಅಪ್ಪ

"ಹ್ಞೂಂ, ಶುರು ಮಾಡ್ರಿ," ಎಂದು ಪರೀಕ್ಷಕರು ಸ್ಟಾಪ್‌ವಾಚ್ ಒತ್ತಿದರು. ನನ್ನ ಎದುರಿಗೆ ಖಾಕಿ ಅಂಗಿಯಲ್ಲೇ ಕೂತಿದ್ದವನು ನಮ್ಮಪ್ಪ.

ತೊಂಬತ್ತರ ದಶಕ, ದ್ವಿತೀಯ ಪಿಯುಸಿ ಮನಃಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ. ನಮ್ಮ ಪ್ರಯೋಗಕ್ಕೆ ಕೂರುವವರನ್ನು ನಾವೇ ಕರೆತರಬೇಕಿತ್ತು. ಬರುತ್ತೇನೆಂದಿದ್ದ ಗೆಳತಿಗೆ ಜೋಯಿಡಾದಲ್ಲಿ ಬಸ್ಸು ತಪ್ಪಿತ್ತು. ಸುದ್ದಿ ತಿಳಿದ ಅಪ್ಪ ಬಿದಿರು ತುಂಬಿದ ತನ್ನ ಲಾರಿಯನ್ನು ಊರಂಚಿನ ಅಂಬೇವಾಡಿಯಲ್ಲಿ ನಿಲ್ಲಿಸಿ ಓಡಿಬಂದಿದ್ದ.

ಕಾಗದವನ್ನು ನೋಡದೆ, ಕನ್ನಡಿಯಲ್ಲಿ ಮಾತ್ರ ನೋಡುತ್ತ, ಜೋಡಿಗೆರೆಯಲ್ಲಿ ಬರೆದ ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಎಳೆಯಬೇಕು. ಕನ್ನಡಿಯಲ್ಲಿ ಎಲ್ಲವೂ ತಿರುಗುಮುರುಗಾಗಿ ಕಂಡು ಕಾಲೇಜು ಓದುವವರ ಕೈಯೇ ಅಡ್ಡಾದಿಡ್ಡಿ ಹೋಗಿತ್ತು. ಅಪ್ಪ ಓದಿದ್ದು ಮೂರನೇ ಇಯತ್ತೆ.

ಲಾರಿ ಹಿಂದಕ್ಕೆ ತೆಗೆಯುವಾಗ ಕ್ಲೀನರ್ ಕೂಗುವ ಹಾಗೆ ಅಪ್ಪ ತನಗೆ ತಾನೇ "ಬರ್ಲಿ... ಬರ್ಲಿ... ಹೋಲ್ಡಾನ್" ಎನ್ನುತ್ತ ಆರೂ ಮೂಲೆ ಸುತ್ತಿ ಹೊರಟಲ್ಲಿಗೇ ಬಂದ. ಪೆನ್ಸಿಲ್ ಎಲ್ಲಿಯೂ ಗೆರೆ ಮುಟ್ಟಿರಲಿಲ್ಲ!

"ಮನ್ಯಾಗ ಮೊದ್ಲ ರೂಢಿ ಮಾಡಿಸಿ ಕರಕೊಂಡ್ ಬಂದೀಯೇನವಾ?" ಪರೀಕ್ಷಕರು ನನ್ನನ್ನು ಗದರಿದರು.

"ಇಲ್ರೀ ಸರ," ಅಪ್ಪ ಎದ್ದುನಿಂತ. "ಇಪ್ಪತ್ತು ವರ್ಷಾತು, ಅಡವ್ಯಾಗ ಕನ್ನಡಿ ನೋಡ್ಕೋತನ ಲಾರಿ ಹಿಂದಕ್ಕ ತಗೀತೇನ್ರಿ. ಅಲ್ಲಿ ಗೆರಿ ದಾಟಿದ್ರ ಸೀದಾ ಹಳ್ಳದಾಗ."

ಪರೀಕ್ಷಕರು ಹೊಸ ಹಾಳೆ ಇಟ್ಟು, ಪಕ್ಕದಲ್ಲೇ ನಿಂತು ಇನ್ನೊಮ್ಮೆ ಮಾಡಿಸಿದರು. ಮತ್ತೆ ಒಂದೂ ತಪ್ಪಿಲ್ಲ. ಅವರು ನಗುತ್ತ ಅಪ್ಪನ ಕೈ ಕುಲುಕಿದರು.

ಅರ್ಜಿಗಳಲ್ಲಿ ತಂದೆಯ ಉದ್ಯೋಗದ ಜಾಗವನ್ನು ಖಾಲಿ ಬಿಡುತ್ತಿದ್ದವಳು ನಾನು. ಆ ದಿನ ಪ್ರಯೋಗದ ವರದಿಯಲ್ಲಿ, ಪ್ರಯೋಗಕ್ಕೆ ಕೂತವರ ವಿವರದ ಜಾಗದಲ್ಲಿ 'ಲಾರಿ ಡ್ರೈವರ್, ನನ್ನ ತಂದೆ' ಎಂದು ದೊಡ್ಡದಾಗಿ ಬರೆದು, ಕೆಳಗೊಂದು ನೇರ ಗೆರೆ ಎಳೆದೆ.