ಗರಡಿಮನೆಯ ಕಲ್ಲು, ಕಾಕಾನ ಬೆನ್ನು

ಆ ಕಲ್ಲು ಎತ್ತಿದ್ದು ಕಾಕಾನೇ ಎಂದು ಆಣೆ ಮಾಡಿ ಹೇಳಲಾರೆ. ಆಗ ನನಗೆ ಎಂಟೋ ಒಂಬತ್ತೋ ವರ್ಷ. ನೆನಪಿನಲ್ಲಿರುವ ಬಿಳಿ ಬನಿಯನ್ ಬೇರೆ ಯಾರದ್ದೋ ಇರಬಹುದು.

ಕಾಕಾ, ಅಂದರೆ ಅಪ್ಪನ ತಮ್ಮ, ಸೈನ್ಯದಿಂದ ನಿವೃತ್ತರಾಗಿ ಸವದತ್ತಿ ಹತ್ತಿರದ ನಮ್ಮೂರಿಗೆ ಬಂದದ್ದೇ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು. ಅಂಗವಿಕಲತೆಯ ಪಿಂಚಣಿಗೆ ಹಾಕಿದ ಅರ್ಜಿ ವಾಪಸು ಬಂತು. ಬೆನ್ನಿನ ತೊಂದರೆ ಸೇವೆಯಿಂದ ಬಂದದ್ದಲ್ಲವಂತೆ. ಓದಿದವಳೆಂದು ಮೇಲ್ಮನವಿ ಬರೆಯುವ ಕೆಲಸ ನನಗೆ ಬಿತ್ತು. ರಜೆಯಲ್ಲಿದ್ದಾಗ ಊರಲ್ಲಿ ಯಾವ ಪೆಟ್ಟೂ ಆಗಿಲ್ಲ ಎಂದು ಮನೆಯವರೊಬ್ಬರು ಸಹಿ ಮಾಡಿದ ಹೇಳಿಕೆಯನ್ನೂ ಜೋಡಿಸಬೇಕೆಂದು ಬೈಲಹೊಂಗಲದ ವಕೀಲರು ಹೇಳಿದ್ದರು.

ಕಾಕಾ ಗೋಡೆಗೆ ಆತು ನಿಂತೇ ಹೇಳಿದರು. ಕೂತರೆ ಏಳಲು ಇನ್ನೊಬ್ಬರ ಕೈ ಬೇಕು.

"ಬರಿಯವ್ವಾ. ಬರ್ಫದ ಗುಡ್ಡದಾಗ ಪೆಟ್ಟಿಗಿ ಹೊತ್ತು ಇಳಿಯೂ ಮುಂದ ಕಾಲು ಜಾರ್ತು. ಪೆಟ್ಟಿಗಿ ನನ್ನ ಬೆನ್ನ ಮ್ಯಾಲೇ ಬಿತ್ತು."

"ದವಾಖಾನಿಗೆ ಹೋಗಿದ್ರೇನು ಕಾಕಾ?"

"ಹೋದ್ರ ಮೆಡಿಕಲ್ ದರ್ಜಾ ಇಳಸ್ತಿದ್ರು, ಹವಾಲ್ದಾರಕಿ ತಪ್ಪತಿತ್ತು. ಎಣ್ಣಿ ಹಚ್ಕೊಂಡು ಸುಮ್ಮನಾದ್ನಿ. ಎಲ್ಲಾರೂ ಹಂಗ ಮಾಡ್ತಿದ್ರು."

ಅಡುಗೆಮನೆಯಿಂದ ಕಾಕಾನ ಹೆಂಡತಿ ಚಿಗವ್ವ ಬಿಡಲಿಲ್ಲ. "ಹೌದ್ ಬಿಡ್ರಿ, ಆವಾಗ ಸಾಹೇಬ್ರಿಗೆ ಬೆನ್ನ ಇದ್ದಿಲ್ಲ. ಈಗ ಚಪ್ಪಲಿ ಹಾಕಾಕ ನಾ ಬೇಕು!"

ಕಾಕಾ ನಕ್ಕರು. ನಾನೂ ನಕ್ಕೆ. ಆದರೆ ಪೆನ್ನು ಮುಂದೆ ಹೋಗಲಿಲ್ಲ.

ರಜೆಗೆ ಬಂದ ಫೌಜಿಯ ಕೈಲಿ ಗರಡಿಮನೆ ಮುಂದಿನ ದುಂಡುಕಲ್ಲು ಎತ್ತಿಸುವುದು ನಮ್ಮ ಓಣಿಯ ರೂಢಿ. ಎತ್ತದಿದ್ದರೆ ರಜೆ ಮುಗಿಯುವವರೆಗೂ ಗೇಲಿ. ನನ್ನ ನೆನಪಿನಲ್ಲಿ ಕಾಕಾ ಅದನ್ನು ಹೆಗಲಿಗೇರಿಸಿ ಹಿಂದಕ್ಕೆ ಎಸೆದರು, ಜನ ಸೀಟಿ ಹೊಡೆದರು. ಆಮೇಲೆ ಕಟ್ಟೆಯ ಮೇಲೆ ಕೂತವರು ಏಳಲೇ ಇಲ್ಲ. ಅಪ್ಪ ನನ್ನನ್ನು ನೀರು ತರಲು ಓಡಿಸಿದ. ತಂಬಿಗೆ ತಣ್ಣಗಿದ್ದದ್ದು ನೆನಪಿದೆ. ಕುಡಿದವರ ಮುಖ ನೆನಪಿಲ್ಲ.

ಅಪ್ಪ ಈಗ ಇಲ್ಲ. ಮೊದಲೇ ನೊಂದ ಬೆನ್ನಿನಲ್ಲಿ ಮರ್ಯಾದೆಗಾಗಿ ಕಲ್ಲು ಎತ್ತಿದ್ದರೋ, ಕಲ್ಲೇ ಬೆನ್ನು ಮುರಿಯಿತೋ, ಬಲ್ಲವರು ಕಾಕಾ ಒಬ್ಬರೇ. ಸುಳ್ಳಿಗೆ ಸಹಿ ಹಾಕಲಾರೆ. ನನ್ನದೇ ತಪ್ಪು ನೆನಪಿಗೆ ಅವರ ಹಕ್ಕನ್ನು ಬಲಿ ಕೊಡಲೂ ಆರೆ.

ಕಾಕಾನನ್ನೇ ಕೇಳಿ ನಾಲ್ಕು ದಿನವಾಯಿತು. ಕೇಳಿದಾಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಕಾಕಾ ಗೋಡೆ ಹಿಡಿದುಕೊಂಡು ಹೊರಗೆ ಹೋದರು. ಸೋಮವಾರ ಕಡೆಯ ದಿನ. ಹೇಳಿಕೆಯ ಕೆಳಗೆ ಸಹಿಯ ಜಾಗ ಖಾಲಿಯಿದೆ. ಅವತ್ತು ನಾನು ಕೇಳಿದ್ದು ಇಷ್ಟೇ:

"ಕಾಕಾ, ಗರಡಿಮನಿ ಕಲ್ಲ ಎತ್ತಿದ್ರಲ್ಲ, ಅದು ಬರ್ಫದಾಗ ಬೀಳೂಕಿಂತ ಮೊದಲೋ, ಆಮ್ಯಾಲೋ?"