ಎರಡು ಕಡೆಯ ಕಮಿಷನ್

ಸಕಲೇಶಪುರದಲ್ಲಿ ನನಗೆ ಎರಡು ಕಸುಬು. ಬೋರ್ಡಿನ ಮೇಲೆ ಬರೆಸಿರುವುದು ಲೇಡೀಸ್ ಟೈಲರ್ ಅಂತ. ಬರೆಸದೇ ಇರುವುದು ಮನೆ ಬ್ರೋಕರ್ ಅಂತ. ಬರೆಸದ ಕಸುಬಿನಲ್ಲೇ ಹೆಚ್ಚು ಸಂಪಾದಿಸಿದೆ, ಅದರಲ್ಲೇ ಮಾನವನ್ನೂ ಕಳೆದುಕೊಂಡೆ. ಕಳೆದುಕೊಂಡದ್ದು ಊರಿಗೆ ಗೊತ್ತಿಲ್ಲ. ನನಗೆ ಗೊತ್ತು, ಇನ್ನೊಬ್ಬ ಹೆಂಗಸಿಗೆ ಗೊತ್ತು. ಅವಳು ಬಾಯಿ ಬಿಡಲಿಲ್ಲ, ಅದಕ್ಕೇ ನಾನು ಇದನ್ನು ಬರೆಯಬೇಕಾಗಿ ಬಂದಿದೆ.

ಬ್ರೋಕರ್ ಆಗಬೇಕು ಅಂತ ಹೊರಟವಳಲ್ಲ ನಾನು. ಪಾಳ್ಯದಿಂದ ಮದುವೆಯಾಗಿ ಇಲ್ಲಿಗೆ ಬಂದಾಗ ತಂದದ್ದು ಒಂದು ಹೊಲಿಗೆ ಮಿಷನ್ನು, ಅಷ್ಟೆ. ಆದರೆ ಅಳತೆ ಕೊಡಲು ಕೈ ಎತ್ತಿ ನಿಂತ ಹೆಂಗಸರು ಬಾಯಿ ಮುಚ್ಚಿಕೊಂಡು ನಿಲ್ಲುವುದಿಲ್ಲ. ಟೇಪು ಬೆನ್ನು ಸುತ್ತಿ ಮುಂದೆ ಬರುವಷ್ಟರಲ್ಲಿ ಯಾರ ಹಿಂದಿನ ಪೋರ್ಷನ್ ಖಾಲಿಯಾಯಿತು, ಯಾರ ಮಹಡಿ ಮೇಲೆ ಬಾಡಿಗೆಯವರು ನಿಲ್ಲುತ್ತಿಲ್ಲ, ಎಲ್ಲ ನನ್ನ ಕಿವಿಗೆ ಬಿದ್ದಿರುತ್ತಿತ್ತು. ಒಮ್ಮೆ ಯಾವುದೋ ಶಾಲೆಯ ಮೇಡಂ ಒಬ್ಬರಿಗೆ ಹೀಗೇ ಒಂದು ಮನೆ ತೋರಿಸಿದೆ. ಬ್ಲೌಸ್ ತೆಗೆದುಕೊಂಡು ಹೋಗುವಾಗ ಅವರು ಹೊಲಿಗೆ ದುಡ್ಡಿನ ಜೊತೆ ಒಂದು ಐನೂರರ ನೋಟನ್ನೂ ಇಟ್ಟರು. ಬೇಡ ಮೇಡಂ ಅಂದೆ. ಮೂರು ಸಲ ಅಂದೆ. ನಾಲ್ಕನೇ ಸಲ ಅನ್ನಲಿಲ್ಲ.

ಆಮೇಲೆ ಊರಲ್ಲಿ ಹೋಮ್‌ಸ್ಟೇ ಹುಚ್ಚು ಹತ್ತಿತು. ಒಂದು ಕೋಣೆ ಮಿಕ್ಕಿದ್ದರೂ ಮಂಚ ಹಾಕಿ ಬೆಂಗಳೂರಿನವರಿಗೆ ಕೊಡುವವರಾದರು. ಬಾಡಿಗೆ ಮನೆ ಸಿಗುವುದೇ ಕಷ್ಟವಾಯಿತು, ನನ್ನ ಬೆಲೆ ಏರಿತು. ಬರುವವರಿಂದ ಒಂದು ತಿಂಗಳ ಬಾಡಿಗೆ, ಮನೆಯವರಿಂದ ಅರ್ಧ ತಿಂಗಳದ್ದು. ಕಮಿಷನ್ ಮೊದಲು, ಬೀಗದ ಕೈ ಆಮೇಲೆ. ಇಬ್ಬರೂ ಒಂದಲ್ಲ ಒಂದು ಸಲ ಕೇಳುತ್ತಿದ್ದರು, ಆ ಕಡೆಯವರ ಹತ್ತಿರವೂ ತಗೊಳ್ತೀಯಾ ಅಂತ. ಇಬ್ಬರಿಗೂ ನನ್ನದು ಒಂದೇ ಉತ್ತರ: "ಛೆ, ಅವರತ್ರ ಎಲ್ಲಾದ್ರೂ ಕೇಳೋಕಾಗುತ್ತಾ?" ಹೇಳಿ ಹೇಳಿ ಅದು ಸುಳ್ಳು ಅನ್ನುವುದೇ ನನಗೆ ಮರೆತುಹೋಗಿತ್ತು.

ನನ್ನ ಸುಗ್ಗಿ ಎಂದರೆ ಆಷಾಢಕ್ಕೆ ಮುಂಚಿನ ಹತ್ತು ದಿನ. ಆಷಾಢ ಹುಟ್ಟಿದರೆ ಹೊಸ ಮನೆಯಲ್ಲಿ ಯಾರೂ ಹಾಲುಕ್ಕಿಸುವುದಿಲ್ಲ. ಅಷ್ಟರೊಳಗೆ ಮನೆ ಸೇರಲೇಬೇಕು, ಇಲ್ಲದಿದ್ದರೆ ಶ್ರಾವಣದ ತನಕ ಕಾಯಬೇಕು. ಕಾಯಲು ಆಗದವರು ಓಡಿ ಬರುತ್ತಿದ್ದರು. ಆ ಹತ್ತು ದಿನ ನಾನು ಹೇಳಿದ್ದೇ ರೇಟು, ನಾನು ಆಡಿದ್ದೇ ಆಟ. ಜನರ ನಂಬಿಕೆಯನ್ನೇ ಹೀಗೆ ದುಡ್ಡು ಮಾಡಿಕೊಂಡವಳು ನಾನು.

ಅಂಥ ಒಂದು ಜ್ಯೇಷ್ಠದಲ್ಲಿ ಮಗ್ಗೆ ಕಡೆಯ ಅಮ್ಮಾವ್ರು ಒಬ್ಬರು ಅಂಗಡಿಗೆ ಬಂದರು. ಊರ ಕಡೆ ಕಾಫಿ ತೋಟ ಇತ್ತು, ಇಲ್ಲಿ ಪೇಟೆಯಲ್ಲಿ ಸ್ವಂತ ಮನೆ. ಗಂಡ ತೀರಿಕೊಂಡ ಮೇಲೆ ವಾರಕ್ಕೆ ಮೂರು ದಿನ ಬೆಳಗಿನ ಬಸ್ಸಿಗೆ ತೋಟಕ್ಕೆ ಹೋಗಿ, ಆಳುಗಳನ್ನು ಬಯ್ದು ಕೆಲಸ ಮಾಡಿಸಿ, ಸಂಜೆ ಬರುವ ಗಟ್ಟಿಗಿತ್ತಿ. ಮನೆಯ ಹಿಂದಿನ ಪೋರ್ಷನ್ ಖಾಲಿ ಇತ್ತು.

"ನೋಡು, ದೊಡ್ಡ ಸಂಸಾರ ಬೇಡ, ಗಂಡಸ್ರು ಬೇಡ. ಒಂಟಿ ಹೆಂಗಸಿದ್ರೆ ಹೇಳು. ನಾನು ತೋಟಕ್ಕೆ ಹೋದ್ ದಿನ ಗೇಟಲ್ಲಿ ಲೈಟ್ ಹಾಕೋಕೆ, ನಾಯಿಗೆ ಅನ್ನ ಹಾಕೋಕೆ ಒಂದು ಜೀವ ಬೇಕು, ಅಷ್ಟೇಯ," ಅಂದರು.

"ಅಡ್ವಾನ್ಸ್ ಎಷ್ಟು ಹೇಳ್ಲಿ?"

"ಆದಾಗ ಕೊಡ್ಲಿ. ಬಾಡಿಗೆ ಐದು ಸಾವಿರ ಸಾಕು. ಇನ್ನೊಂದು ಮಾತು ಕಣೆ. ಒಂಟಿಯಾಗಿರೋಳು ಕಷ್ಟದಲ್ಲೇ ಇರ್ತಾಳೆ. ಕಮಿಷನ್ನು ಅಂತ ಅವಳ ಹತ್ರ ಕೀಳ್ಬೇಡ. ಅವಳ ಪಾಲಿಂದೂ ನಾನೇ ಕೊಡ್ತೀನಿ."

ಮೆಣಸು ಮಾರಿದ ದುಡ್ಡಿತ್ತು ಅವರ ಬ್ಯಾಗಿನಲ್ಲಿ. ಅಲ್ಲೇ ಏಳೂವರೆ ಸಾವಿರ ತೆಗೆದು ನನ್ನ ಮಿಷನ್ ಮೇಲೆ ಇಟ್ಟರು. ನಾನು ಆಯ್ತಮ್ಮ ಅಂದೆ. ಆಯ್ತು ಅಂದಾಗ ಮನಸ್ಸಿನಲ್ಲಿ ಮೋಸ ಇರಲಿಲ್ಲ, ಇದನ್ನು ನಂಬುವವರು ನಂಬಬಹುದು. ಮೋಸ ಮೂರು ದಿನ ಬಿಟ್ಟು ಬಂತು.

ಅವಳು ಬಂದದ್ದು ಒಂದು ಮಧ್ಯಾಹ್ನ. ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ಹುಟ್ಟಿ ಬೆಳೆದದ್ದು ಎಸ್ಟೇಟ್ ಲೈನಿನಲ್ಲಿ, ಆಳುಗಳಿಗೆ ಕಟ್ಟಿಸಿಕೊಟ್ಟ ಸಾಲು ಮನೆಯಲ್ಲಿ. ಗಂಡ ಬಿಟ್ಟುಹೋಗಿ ವರ್ಷಗಳಾಗಿದ್ದವು. ತಾಯಿ ಎಸ್ಟೇಟಿನ ಆಳು, ಇವಳು ಹೋಮ್‌ಸ್ಟೇ ಒಂದರ ಅಡುಗೆ ಮನೆಯಲ್ಲಿ ಕೆಲಸ. ತಾಯಿ ಸತ್ತ ಮೇಲೆ ಲೈನ್ ಮನೆಯಲ್ಲಿರುವ ಹಕ್ಕು ಹೋಯಿತು. ಹೊಸ ಆಳುಗಳು ಬರುತ್ತಾರೆ, ತಿಂಗಳ ಕೊನೆಗೆ ಖಾಲಿ ಮಾಡು ಅಂದಿದ್ದನಂತೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್.

"ಅಕ್ಕ, ನಿಮ್ಮತ್ರ ಮನೆ ಐತೆ ಅಂದ್ರು," ಅಂದಳು.

ಅಮ್ಮಾವ್ರು ಕೇಳಿದ್ದ ಹೆಂಗಸು ಬಂದು ಬಾಗಿಲಲ್ಲಿ ನಿಂತಿದ್ದಳು. ಬಾರಮ್ಮ, ನಿನಗೆ ಅಂತಲೇ ಒಂದು ಮನೆ ಇದೆ, ಒಂದು ಕಾಸೂ ಬೇಡ ಅನ್ನಬೇಕಾಗಿತ್ತು. ನನ್ನ ಬಾಯಿಂದ ಬಂದದ್ದು ಬೇರೆ.

"ಒಂಟಿ ಹೆಂಗಸಿಗೆ ಈ ಊರಲ್ಲಿ ಯಾರಮ್ಮ ಮನೆ ಕೊಡ್ತಾರೆ? ಒಬ್ರು ಅಮ್ಮಾವ್ರು ಅವ್ರೆ. ಕೈ ಕಾಲು ಹಿಡ್ದು ಒಪ್ಪಿಸ್ಬೇಕು."

"ಹೆಂಗಾದ್ರೂ ಮಾಡಿ ಅಕ್ಕ. ನಿಮಗೆ ಎಷ್ಟು ಕೊಡ್ಬೇಕು?"

"ಒಂದು ತಿಂಗಳ ಬಾಡಿಗೆ. ಐದು ಸಾವಿರ."

"ಎರಡು ಸಲಕ್ಕೆ ಕೊಡ್ಲಾ?"

"ಆಷಾಢ ಬಂದೇಬಿಡ್ತು ಮಾರಾಯ್ತಿ. ಅದೇ ಮನೆಗೆ ಇನ್ನಿಬ್ರು ಕೇಳ್ತಾವ್ರೆ."

ಯಾರೂ ಕೇಳುತ್ತಿರಲಿಲ್ಲ. ಯಾಕೆ ಹಾಗಂದೆ ಅಂತ ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಹೊಟ್ಟೆಗಿಲ್ಲದ ದಿನಗಳಲ್ಲ ಅವು. ಅಭ್ಯಾಸ ಅಂತ ಹೇಳಿಕೊಳ್ಳಬಹುದು. ಆದರೆ ನಿಜ ಹೇಳಬೇಕೆಂದರೆ, ಎದುರಿಗೆ ನಿಂತವಳಿಗೆ ಬೇರೆ ದಾರಿಯಿಲ್ಲ ಎಂದು ಗೊತ್ತಾದಾಗ ನನಗೆ ಒಂಥರಾ ಖುಷಿಯಾಗಿತ್ತು. ಥೂ ನನ್ನ ಜನ್ಮಕ್ಕೆ.

ಮಾರನೇ ದಿನ ದುಡ್ಡು ತಂದಳು. ಕಿವಿಯಲ್ಲಿ ಹಿಂದಿನ ದಿನ ಇದ್ದ ಕೆಂಪು ಹರಳಿನ ಪುಟ್ಟ ಓಲೆಗಳು ಇರಲಿಲ್ಲ. ತೂತು ಮುಚ್ಚಿಹೋಗದಿರಲೆಂದು ಪೊರಕೆ ಕಡ್ಡಿಯ ಚೂರು ಸಿಕ್ಕಿಸಿಕೊಂಡಿದ್ದಳು.

"ಅವ್ವನ ಓಲೆ ಅಡ ಇಟ್ಟು ತಂದೀನಿ ಅಕ್ಕ," ಅಂದಳು. ದೂರಿನ ದನಿ ಇರಲಿಲ್ಲ. ದುಡ್ಡು ಎಲ್ಲಿಂದ ಬಂತು ಅಂತ ಹೇಳಿದಳು, ಅಷ್ಟೆ.

ಅಲ್ಲಾದರೂ ನಾನು ನಿಲ್ಲಿಸಬಹುದಾಗಿತ್ತು. ನಿಲ್ಲಿಸಲಿಲ್ಲ. ಡ್ರಾಯರ್ ಎಳೆದು ನೋಟುಗಳನ್ನು ಒಳಗೆ ಹಾಕಿದೆ. "ಅಮ್ಮಾವ್ರ ಮುಂದೆ ಈ ದುಡ್ಡಿನ ಸುದ್ದಿ ಎತ್ಬೇಡ. ಅವರಿಗೆ ಹಿಡಿಸಲ್ಲ," ಅಂದೆ. ನಾನು ಅವಳಿಗೆ ಹೇಳಿದ್ದರಲ್ಲಿ ನಿಜವಾದ ಮಾತು ಅದೊಂದೇ.

ಆ ಶುಕ್ರವಾರ ಬೆಳಿಗ್ಗೆ ಹಾಲುಕ್ಕಿಸುವುದು ಎಂದಾಯಿತು. ಬ್ರೋಕರ್ ಆದವಳು ಅದಕ್ಕೆ ಹೋಗುವುದು ವಾಡಿಕೆ. ಎಲೆ ಅಡಿಕೆ ಕೊಡುತ್ತಾರೆ, ರವಿಕೆ ಕಣ ಕೊಡುತ್ತಾರೆ. ನಾನೂ ರೇಷ್ಮೆ ಸೀರೆ ಉಟ್ಟು ಹೋದೆ. ಅಮ್ಮಾವ್ರು ತಾವೇ ಹಿಂದಿನ ಪೋರ್ಷನ್ನಿನ ಬಾಗಿಲಿಗೆ ರಂಗೋಲಿ ಹಾಕಿ, ಮಾವಿನ ಸೊಪ್ಪು ಕಟ್ಟಿ, ತಮ್ಮ ಮನೆಯ ಪಾತ್ರೆಯಲ್ಲೇ ಹಾಲು ತಂದಿದ್ದರು. ಅವಳದ್ದು ಎರಡು ಚೀಲ ಬಟ್ಟೆ, ಒಂದು ಟ್ರಂಕು, ಒಂದಿಷ್ಟು ಪಾತ್ರೆ. ಒಲೆ ಹಚ್ಚಿ, ಮೂವರೂ ಹಾಲಿನ ಮುಂದೆ ನಿಂತೆವು.

ಆಗ ಅಮ್ಮಾವ್ರ ಕಣ್ಣು ಅವಳ ಕಿವಿಗೆ ಬಿತ್ತು.

"ಏನೇ ಇದು, ಕಡ್ಡಿ ಸಿಗಿಸ್ಕಂಡಿದ್ದೀಯ? ಹಾಲುಕ್ಸೋ ದಿನ ಹಿಂಗ್ ನಿಂತ್ಕಂತಾರಾ? ಓಲೆ ಏನ್ ಮಾಡ್ದೆ?"

"ತಿರುಪು ಸಡಿಲ ಆಗಿತ್ತಮ್ಮ. ಬಿದ್ದೋದಾವು ಅಂತ ಬಿಚ್ಚಿಟ್ಟೀನಿ."

"ಅಡ ಗಿಡ ಇಟ್ಟಿಲ್ಲ ತಾನೆ? ಇಡೋ ಅಂಥ ಖರ್ಚಾದ್ರೂ ಏನಿತ್ತು ನಿಂಗೆ? ಅಡ್ವಾನ್ಸು ನಾನು ಕೇಳ್ಲಿಲ್ಲ. ಇವಳ ಕಮಿಷನ್ನು ನಿನ್ ಪಾಲಿಂದೂ ಸೇರಿಸಿ ನಾನೇ ಕೊಟ್ಟೀನಿ. ಹೇಳಿದ್ಳು ತಾನೆ ಇವ್ಳು?"

ಹಾಲಿನ ಅಂಚಿನಲ್ಲಿ ನೊರೆ ಏಳುತ್ತಿತ್ತು, ನಾನು ಅದನ್ನೇ ನೋಡುತ್ತಿದ್ದೆ. ಅವಳು ನನ್ನ ಕಡೆ ತಿರುಗಿದ್ದು ನೋಡದೆಯೂ ಗೊತ್ತಾಯಿತು. ಕೊನೆಗೆ ತಲೆ ಎತ್ತಿದೆ. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ. ನಾನು ಗಿರಾಕಿಗಳನ್ನು ಟೇಪು ಹಾಕುವ ಮುಂಚೆ ಒಮ್ಮೆ ಕಣ್ಣಲ್ಲೇ ಅಳೆಯುತ್ತೇನಲ್ಲ, ಹಾಗೆ ನೋಡುತ್ತಿದ್ದಳು.

"ಹೂಂ ಅಮ್ಮ," ಅಂದಳು. "ಅಕ್ಕ ಅವತ್ತೇ ಹೇಳಿದ್ರು. ಬಾಡಿಗೆಗೆ ಬರೋರ ಹತ್ರ ನಾನು ಏನೂ ತಗಳಲ್ಲ ಅಂದ್ರು."

ಹಾಲು ಉಕ್ಕಿತು. ಅಮ್ಮಾವ್ರು ಕೈ ಮುಗಿದರು, ಅವಳೂ ಮುಗಿದಳು. ನಾನು ಕೈ ಜೋಡಿಸಿದೆನೋ ಇಲ್ಲವೋ ನೆನಪಿಲ್ಲ. ಆಮೇಲೆ ಅಮ್ಮಾವ್ರು ತಟ್ಟೆಯಲ್ಲಿ ಎಲೆ ಅಡಿಕೆ, ಹಸಿರು ರವಿಕೆ ಕಣ ಇಟ್ಟು ನನಗೆ ಕೊಟ್ಟರು. "ಒಳ್ಳೇ ಜೀವ ಕರ್ಕೊಂಡ್ ಬಂದೆ ಕಣೆ. ನಿನ್ನಂಥೋರು ಇರ್ಬೇಕು," ಅಂದರು. ನಾನು ತೆಗೆದುಕೊಂಡೆ. ಉಕ್ಕಿದ ಹಾಲನ್ನು ಲೋಟದಲ್ಲಿ ಕೊಟ್ಟರು, ಅದನ್ನೂ ಕುಡಿದೆ.

ಅವಳು ಯಾಕೆ ನನ್ನನ್ನು ಉಳಿಸಿದಳು? ಹೋಗಲು ಬೇರೆ ಜಾಗ ಇರಲಿಲ್ಲ, ಅದಕ್ಕೇ. ಹಾಲುಕ್ಕುವ ಹೊತ್ತಿನಲ್ಲಿ ಜಗಳ ತೆಗೆದರೆ ಆ ಮನೆಯೇ ಕೈ ತಪ್ಪಬಹುದು ಅಂತ ಹೆದರಿರಬೇಕು. ಹಾಗೆ ಹೆದರಿಸಿ ಕಳಿಸಿದವಳು ನಾನೇ.

ದುಡ್ಡು ವಾಪಸು ಕೊಡಬೇಕು ಎಂದು ಅವತ್ತೇ ತೀರ್ಮಾನಿಸಿದೆ. ತೀರ್ಮಾನಿಸುವುದಕ್ಕೇನು ಕಷ್ಟ. ಶ್ರಾವಣದ ಒಂದು ಸಂಜೆ ಐದು ಸಾವಿರ ಕವರಿನಲ್ಲಿಟ್ಟುಕೊಂಡು ಹೋದೆ. ಗೇಟಿನಲ್ಲೇ ಅಮ್ಮಾವ್ರು ಸಿಕ್ಕಿ, ಕಾಫಿ ಕುಡಿದು ಹೋಗು ಅಂತ ಕೂರಿಸಿದರು. ಅವಳು ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದಳು. ಕಿವಿಯಲ್ಲಿ ಕಡ್ಡಿ ಹಾಗೇ ಇತ್ತು. ಅಮ್ಮಾವ್ರ ಎದುರಿಗೆ ಹೇಗೆ ಕೊಡುವುದು? "ಮನೆ ಹಿಡಿಸ್ತಾ?" ಅಂತ ಕೇಳಿದೆ. "ಹಿಡಿಸ್ತು ಅಕ್ಕ" ಅಂದಳು. ಕಾಫಿ ಕುಡಿದು ಕವರ್ ಸಮೇತ ವಾಪಸು ಬಂದೆ. ಅವಳನ್ನು ಒಂದು ನಿಮಿಷ ಆಚೆ ಕರೆದಿದ್ದರೆ ಆಗುತ್ತಿತ್ತು. ಕರೆಯಲಿಲ್ಲ.

ಆಮೇಲೆ ಗೌರಿ ಹಬ್ಬದ ಹೊಲಿಗೆ ಬಂತು, ಪುರುಸೊತ್ತಿಲ್ಲ ಅಂದುಕೊಂಡೆ. ಅದು ಮುಗಿಯುವ ಹೊತ್ತಿಗೆ ಮಿಷನ್ನಿನ ಮೋಟರ್ ಸುಟ್ಟಿತು, ಕವರಿನಲ್ಲಿದ್ದ ದುಡ್ಡು ಅದಕ್ಕೆ ಹೋಯಿತು. ಕಾಫಿ ಕೊಯ್ಲು ಶುರುವಾಯಿತು, ಅವಳೂ ಅಮ್ಮಾವ್ರ ಜೊತೆ ತೋಟಕ್ಕೆ ಹೋಗುತ್ತಿರಬಹುದು, ಇನ್ನು ಎಲ್ಲಿ ಸಿಗುತ್ತಾಳೆ ಅಂದುಕೊಂಡೆ. ಅವಳು ಇದ್ದದ್ದು ನನ್ನ ಅಂಗಡಿಯಿಂದ ಹತ್ತು ನಿಮಿಷದ ದಾರಿಯಲ್ಲಿ. ಅತ್ತ ಅಮ್ಮಾವ್ರು ಸಿಕ್ಕ ಸಿಕ್ಕವರ ಮುಂದೆ ನನ್ನನ್ನು ಹೊಗಳುತ್ತಿದ್ದರು. ಆ ಟೈಲರ್ ಬಾಡಿಗೆಯವರ ಹತ್ತಿರ ಪೈಸೆ ಮುಟ್ಟುವುದಿಲ್ಲವಂತೆ ಅಂತ ಗಿರಾಕಿಗಳು ಬಂದು ನನಗೇ ಹೇಳುತ್ತಿದ್ದರು. ಹಾಗೇನಿಲ್ಲಪ್ಪ ಅನ್ನುತ್ತಿದ್ದೆ. ಅವರು ಅದನ್ನು ವಿನಯ ಅಂದುಕೊಳ್ಳುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಅವಳೇ ಅಂಗಡಿಗೆ ಬಂದಳು. ಹಿಂದಿನ ವಾರ ಒಂದು ಬ್ಲೌಸ್ ಹೊಲಿಯಲು ಯಾರದೋ ಕೈಯಲ್ಲಿ ಕಳಿಸಿದ್ದಳು, ಅದನ್ನು ಒಯ್ಯಲು. ಜೊತೆಗೆ ಇನ್ನೊಬ್ಬಳಿದ್ದಳು. ಬೆಂಚಿನ ಮೇಲೆ ಇಬ್ಬರು ಗಿರಾಕಿಗಳು ಕೂತಿದ್ದರು.

"ಅಕ್ಕ, ಇವ್ಳು ನಮ್ ಲೈನೋಳು. ಇವ್ಳಿಗೂ ಒಂದು ಮನೆ ಬೇಕಂತೆ," ಅಂದಳು.

ಜೊತೆಗೆ ಬಂದವಳು ಸೆರಗು ಹಿಡಿದುಕೊಂಡು, "ಕಮಿಷನ್ ಎಷ್ಟಾಯ್ತದೆ ಅಕ್ಕ?" ಅಂದಳು. ನಾನು ಬಾಯಿ ತೆರೆಯುವ ಮುಂಚೆ ಇವಳೇ ಉತ್ತರ ಕೊಟ್ಟಳು.

"ಅಕ್ಕ ಬಾಡಿಗೆಯೋರ ಹತ್ರ ಏನೂ ತಗಳಲ್ಲ ಕಣೆ. ನನಗೆ ಅವತ್ತೇ ಹೇಳಿದ್ರು. ಅಲ್ವಾ ಅಕ್ಕ?"

ಬೆಂಚಿನ ಮೇಲಿದ್ದವರು ನನ್ನ ಮುಖ ನೋಡಿದರು. ಹೂಂ ಅಂದೆ. ಬೇರೆ ಏನು ತಾನೇ ಅನ್ನಲಿ.

ಅವಳ ಬ್ಲೌಸ್ ಮಡಿಸುವಾಗ ಡ್ರಾಯರಿನಿಂದ ಐದು ಸಾವಿರ ತೆಗೆದು ಮಡಿಕೆಯೊಳಗಿಟ್ಟು, ಕವರಿಗೆ ಹಾಕಿ ಕೊಟ್ಟೆ. ಅವಳು ಬೀದಿಗೆ ಇಳಿದು, ಕವರಿನೊಳಗೆ ಇಣುಕಿ ನೋಡಿ, ಜೊತೆಯವಳನ್ನು ಅಲ್ಲೇ ನಿಲ್ಲಿಸಿ ಒಬ್ಬಳೇ ವಾಪಸು ಬಂದಳು. ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು, "ಇದ್ರಲ್ಲಿ ಹೊಲಿಗೆ ದುಡ್ಡು ಮುರ್ಕಂಡ್ರಾ?"

"ಇಲ್ಲ."

ಸೊಂಟದ ಚೀಲದಿಂದ ತನ್ನದೇ ದುಡ್ಡು ತೆಗೆದು, ಹೊಲಿಗೆಯದ್ದು ಮಿಷನ್ ಮೇಲೆ ಇಟ್ಟಳು.

"ಈಗಲೇ ಹೋಗಿ ಓಲೆ ಬಿಡಿಸ್ಕೊ," ಅಂದೆ. ಬೆಂಚಿನ ಮೇಲಿದ್ದವರಿಗೆ ಕೇಳಿಸದ ಹಾಗೆ ಅಂದೆ.

"ಅವು ಮುಳುಗೋದ್ವು ಅಕ್ಕ, ದೀಪಾವಳೀಲೇ. ಬಡ್ಡಿ ಕಟ್ಟೋಕಾಗ್ಲಿಲ್ಲ," ಅಂದಳು. ಹೇಳಿ ಹೋದಳು.

ದೀಪಾವಳಿಯೊಳಗೆ ಕೊಟ್ಟಿದ್ದರೆ ಆ ಓಲೆ ಉಳಿಯುತ್ತಿತ್ತು. ಅವಳು ಕರೆತಂದವಳಿಗೆ ಮನೆ ಹುಡುಕಿಕೊಟ್ಟೆ, ಏನೂ ತೆಗೆದುಕೊಳ್ಳಲಿಲ್ಲ. ಆಮೇಲೆ ಬಂದ ಯಾರಿಂದಲೂ ತೆಗೆದುಕೊಂಡಿಲ್ಲ. ಒಳ್ಳೆಯವಳಾಗಿ ಅಲ್ಲ, ನಾಲ್ಕು ಜನರ ಮುಂದೆ ಅವಳು ಹಾಗಂದಳು ಅನ್ನುವುದಕ್ಕೆ. ಅಮ್ಮಾವ್ರಿಗೆ ಇವತ್ತಿಗೂ ನಿಜ ಹೇಳಿಲ್ಲ, ಅವರು ಇವತ್ತಿಗೂ ಹೊಗಳುತ್ತಾರೆ. ಅವಳು ಈಗಲೂ ಅಲ್ಲೇ ಇದ್ದಾಳೆ, ಬ್ಲೌಸ್ ನನ್ನ ಹತ್ತಿರವೇ ಹೊಲಿಸುತ್ತಾಳೆ. ಕುತ್ತಿಗೆಯ ಅಳತೆ ತೆಗೆಯಲು ಟೇಪು ಸುತ್ತಿದಾಗ ಅವಳ ಕಿವಿಯ ಕಡ್ಡಿ ನನ್ನ ಬೆರಳಿಗೆ ತಾಗುತ್ತದೆ. ನಾನು ಅಳತೆ ಬರೆದುಕೊಳ್ಳುತ್ತೇನೆ.