ಮೂಲೆ ಸೈಟಿನ ಬೇಲಿ, ಅಜ್ಜಿಯರ ಬಿಸಿಲು

ದಿಲ್ಲಿಯ ರೋಹಿಣಿ ಬಡಾವಣೆಯಲ್ಲಿ ಹೋಟೆಲ್ ನಡೆಸುವ ನಮ್ಮ ಕುಂದಾಪುರದ ಶೆಟ್ಟರು ಒಂದು ಮೂಲೆ ಸೈಟು ಕೊಂಡು, ಅದಕ್ಕೆ ಬೇಲಿ ಹಾಕಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ಚಳಿಗಾಲದ ಬೆಳಗ್ಗೆ ಗಲ್ಲಿಯ ಅಜ್ಜಿಯರು ಅದೇ ಮೂಲೆಯಲ್ಲಿ ಹಗ್ಗದ ಮಂಚ ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದರು.

“ಬೇಲಿ ಬಂದರೆ ನಾವೆಲ್ಲಿ ಕೂರೋಣ, ಬೇಟಾ?” ಎಂದು ಅವರಲ್ಲಿ ಹಿರಿಯರಾದ ಮಾತಾಜಿ ಕೇಳಿದರು.

ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ತಿರುವಿನಲ್ಲಿ ಎದುರಿನ ಗಾಡಿ ಕಾಣಲಿ ಎಂದು ಮೂಲೆಯಲ್ಲಿ ಬೇಲಿಯನ್ನು ಒಳಕ್ಕೆ ಸರಿಸಲೇಬೇಕು, ಅದು ನಿಯಮ. “ಆ ತುಂಡು ಜಾಗ ಹೊರಗೇ ಉಳಿಯುತ್ತೆ, ಮಾತಾಜಿ. ಆರಾಮಾಗಿ ಕೂತ್ಕೊಳ್ಳಿ,” ಎಂದೆ. ಅವರು ನನ್ನ ತಲೆ ಸವರಿದರು.

ವಿಷಯ ಕೇಳಿ ಶೆಟ್ಟರ ಮನಸ್ಸೂ ಕರಗಿತು. “ಪಾಪ, ವಯಸ್ಸಾದವರು ಬಿಸಿಲಲ್ಲಿ ಕೂರೋದಾ ಮಾರಾಯ? ಮೇಲೊಂದು ಶೀಟ್ ಹಾಕಿಸಿಬಿಡು,” ಎಂದರು. ನನಗೂ ಸರಿಯೆನಿಸಿತು. ಬಿಸಿಲು ಕಂಡರೆ ನೆರಳಿಗೆ ಓಡುವ ಊರಿನವರು ನಾವಿಬ್ಬರೂ.

ಕೆಲಸ ಮುಗಿದ ಮರುದಿನ ಮಾತಾಜಿ ಬಂದು ಶೀಟನ್ನು ತಲೆಯೆತ್ತಿ ನೋಡಿದರು. “ಬಹುತ್ ಅಚ್ಛಾ,” ಎಂದು ಶಾಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡರು. ಅವರು ಬರುತ್ತಿದ್ದದ್ದೇ ಬಿಸಿಲು ಕಾಯಿಸಿಕೊಳ್ಳಲು ಎಂದು ನನಗೆ ಹೊಳೆಯುವಷ್ಟರಲ್ಲಿ ಮಂಚ ಗಲ್ಲಿಯ ಇನ್ನೊಂದು ತುದಿ ಸೇರಿತ್ತು.

ಶೀಟು ತೆಗೆಸಲೆಂದು ಆಳುಗಳನ್ನು ಕರೆದುಕೊಂಡು ಹೋದೆ. ದಿಲ್ಲಿಯಲ್ಲಿ ಖಾಲಿ ಜಾಗ, ಅದರ ಮೇಲೆ ನೆರಳು ಬೇರೆ! ಯಾರೋ ಆಗಲೇ ಕಾರು ತಂದು ನಿಲ್ಲಿಸಿದ್ದರು. ಅದು ಇವತ್ತಿಗೂ ಕದಲಿಲ್ಲ.

ಈಗ ಆ ತಿರುವಿನಲ್ಲಿ ಎದುರಿನ ಗಾಡಿಯೂ ಕಾಣುವುದಿಲ್ಲ, ಮಾತಾಜಿಯೂ ಕಾಣುವುದಿಲ್ಲ. ಬೇಲಿ ಮಾತ್ರ ನಿಯಮದ ಪ್ರಕಾರವೇ ಇದೆ.